ಬಳ್ಳಾರಿಯ ಕೊನೆಯ ಸುಕ್ಕುಮುಖ

ಬಳ್ಳಾರಿ, ಎರಡನೆಯ ಬೇಸಿಗೆಯ ನಡುಭಾಗ, ೨೨೩೧

ನಿಮ್ಮ ಕಾಲದಲ್ಲಿ ಯಾವುದೋ ಚರ್ಮದ ದವಾಖಾನೆಯ ಬೆಂಚಿನ ಮೇಲೆ ಸರದಿ ಕಾಯುತ್ತ ಕೂತ ಅಕ್ಕಂದಿರಿಗೂ ಅಣ್ಣಂದಿರಿಗೂ ಹಂಪಮ್ಮನ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ನಡುವೆ ಮಳೆಗಾಲ ಅನ್ನುವುದೊಂದು ಬಂದಂತೆ ಮಾಡಿ ಹೋಗುತ್ತದೆ. ನಿಮ್ಮ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಹಾಗಾಗಿ ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕೆಲವು ಪದಗಳಂತೂ ನಿಮ್ಮ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಕಾಗದ ನಿಮ್ಮ ಕೈಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಮುಟ್ಟುತ್ತದೆ ಎಂದು ನಂಬಿ ಬರೆಯುತ್ತಿದ್ದೇನೆ.

ನಾನು ಈ ಊರಿನ ಮುಖ ತೋರಿಸುವವಳು. ಅದು ನನ್ನ ಕಸುಬು. ಮಗು ಹುಟ್ಟಿ ಮೂರನೆಯ ತಿಂಗಳಿಗೆ ಬಿದ್ದಾಗ ಮನೆಯವರು ನನ್ನನ್ನು ಕರೆಸುತ್ತಾರೆ. ನಾನು ಹೋಗಿ ತೊಟ್ಟಿಲ ಪಕ್ಕ ಕೂತು, ಮಗುವಿಗೆ ನನ್ನ ಮುಖ ತೋರಿಸಿ, ನಕ್ಕು ಬರುತ್ತೇನೆ. ಇದಕ್ಕೂ ಒಬ್ಬರು ಬೇಕೇ ಎಂದು ನೀವು ನಗಬಹುದು. ನಿಮ್ಮ ಮನೆಗಳಲ್ಲಿ ಮಗು ಕಂಡರೆ ಹಾಲು ಹಾಕುವವನಿಂದ ಹಿಡಿದು ಎದುರುಮನೆಯ ಮುದುಕಿಯವರೆಗೆ ಎಲ್ಲರೂ ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸ ಇದು. ಇಲ್ಲಿ ಅದನ್ನು ಮಾಡಬಲ್ಲ ಮುಖ ಉಳಿದಿದ್ದು ನನ್ನದೊಂದೇ.

ಹೀಗೇಕಾಯಿತು ಎಂದು ಹೇಳುತ್ತೇನೆ. ನಿಮ್ಮ ಕಾಲದ ಮದ್ದುಗಳ ಬಗ್ಗೆ ನಾನು ಸಾಕಷ್ಟು ಓದಿದ್ದೇನೆ. ಹುಬ್ಬಿನ ನಡುವೆ ಸೂಜಿಮದ್ದು ಹಾಕಿಸಿದರೆ ಅಲ್ಲಿನ ಸ್ನಾಯು ಕೆಲವು ತಿಂಗಳು ಸುಮ್ಮನಿರುತ್ತಿತ್ತಂತೆ, ಆಮೇಲೆ ತಾನಾಗಿ ಎಚ್ಚರವಾಗುತ್ತಿತ್ತಂತೆ. ಕುಸಿದ ಕೆನ್ನೆಗೆ ಒಳಗಿನಿಂದ ತುಂಬುವ ಮದ್ದು, ಮಲಗುವಾಗ ಹಚ್ಚುವ ಕ್ರೀಮು, ಲೇಸರ್, ಮೇಲಿನ ಪದರ ತೆಳ್ಳಗೆ ಸುಲಿಯುವ ಪೀಲಿಂಗ್, ಬಿಸಿಲಿಗೆ ಸನ್‌ಸ್ಕ್ರೀನ್. ಇವುಗಳಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ. ಬಳ್ಳಾರಿಯ ಬಿಸಿಲಲ್ಲಿ ಬದುಕಿದವಳು ನಾನು, ಸನ್‌ಸ್ಕ್ರೀನ್ ಬೇಡ ಎನ್ನುವಷ್ಟು ದಡ್ಡಿಯಲ್ಲ. ಕನ್ನಡಿಯಲ್ಲಿ ಚೆನ್ನಾಗಿ ಕಾಣಬೇಕು ಅನ್ನುವ ಆಸೆ ಯಾರಿಗಿಲ್ಲ? ನಿಮ್ಮ ಮದ್ದುಗಳಲ್ಲಿ ಬಹಳಷ್ಟು ಕಾಲಕ್ಕೆ ತಕ್ಕಂತೆ ಕರಗಿಹೋಗುತ್ತಿದ್ದವು, ಮುಖ ಮತ್ತೆ ಅದರ ಒಡೆಯರ ಕೈಗೆ ಬರುತ್ತಿತ್ತು. ಜನ ಬೇಸತ್ತಿದ್ದು ಈ ಕರಗುವಿಕೆಯಿಂದಲೇ. ಪದೇಪದೇ ಹೋಗುವ ಗೋಳು ಬೇಡ ಎಂದು ಕರಗದ ಮದ್ದು ಹುಡುಕಿದರು. ಅದನ್ನೇ ನಾವು ನಯಮದ್ದು ಎನ್ನುತ್ತೇವೆ. ಒಮ್ಮೆ ಕೊಟ್ಟರೆ ಮುಖದ ಸ್ನಾಯುಗಳು ಮಾತಿಗೆ, ಊಟಕ್ಕೆ ಬೇಕಾದಷ್ಟು ಮಾತ್ರ ಅಲುಗುತ್ತವೆ. ಗೆರೆ ಮೂಡಿಸುವಷ್ಟು ಎಂದೂ ಅಲುಗುವುದಿಲ್ಲ. ಮೊದಲು ಅದನ್ನು ಮದುವೆಗೆ ಮುಂಚೆ ಕೊಡುತ್ತಿದ್ದರು, ಆಮೇಲೆ ಹೈಸ್ಕೂಲು ಮುಗಿದಾಗ. ಈಗ ಮೂರು ವರ್ಷಕ್ಕೆ, ಅಕ್ಷರಾಭ್ಯಾಸದ ದಿನವೇ. ಬೆಳಿಗ್ಗೆ ಅಕ್ಕಿಯ ಮೇಲೆ ಅಕ್ಷರ ಬರೆಸಿ ಮಧ್ಯಾಹ್ನ ಸೂಜಿ ಹಾಕಿಸಿಕೊಂಡು ಬರುತ್ತಾರೆ, ರಾತ್ರಿ ಹೋಳಿಗೆ ಊಟ.

ಹಾಗಾದರೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುವುದು ಹೇಗೆ ಎಂದು ನೀವು ಕೇಳಬಹುದು. ಅದಕ್ಕೆ ಮನಬಿಲ್ಲೆ ಇದೆ. ಕೊರಳಲ್ಲಿ ತಾಳಿಯಷ್ಟು ದೊಡ್ಡ ಬಿಲ್ಲೆ, ಒಳಗಿನ ನಾಡಿ ನೋಡಿ ಬಣ್ಣ ಬದಲಿಸುತ್ತದೆ. ಸಂತೋಷಕ್ಕೆ ಹಳದಿ, ಸಿಟ್ಟಿಗೆ ಕೆಂಪು, ದುಃಖಕ್ಕೆ ನೀಲಿ. ಮಾರ್ಕೆಟ್ಟಿನಲ್ಲಿ ತರಕಾರಿ ಚೌಕಾಸಿ ಮಾಡುವಾಗಲೂ ಜನ ಒಬ್ಬರ ಕೊರಳನ್ನು ಇನ್ನೊಬ್ಬರು ನೋಡುತ್ತಾರೆ, ಸಾವಿನ ಮನೆಗೆ ಹೋದಾಗಲೂ ಕೊರಳನ್ನೇ. ಅದಕ್ಕಿಂತ ಮೇಲೆ ಕಣ್ಣೆತ್ತುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಹಳೆಯ ಫೋಟೋಗಳಲ್ಲಾದರೂ ಸುಕ್ಕಿನ ಮುಖ ಇರಬೇಕಿತ್ತು. ಆದರೆ ಅಜ್ಜ ಅಜ್ಜಿಯರ ಮುಖ ಕಂಡು ಮಕ್ಕಳು ಹೆದರುತ್ತವೆ ಎಂದು ಮನೆಮನೆಯಲ್ಲೂ ಆ ಫೋಟೋಗಳನ್ನು, ವೀಡಿಯೊಗಳನ್ನು ನಯ ಮಾಡಿಸಿದರು. ನಿಮ್ಮ ಕಾಲದಲ್ಲೇ ಆ ಚಟ ಶುರುವಾಗಿತ್ತು ಅಂತ ಕೇಳಿದ್ದೇನೆ.

ನನ್ನ ಚರ್ಮ ಮಾತ್ರ ನಯಮದ್ದನ್ನು ಒಲ್ಲೆ ಎಂದಿತು. ಹುಡುಗಿಯಾಗಿದ್ದಾಗ ಸೂಜಿ ಹಾಕಿದ ದಿನವೇ ಮುಖ ಬಾತು ಕುಂಬಳಕಾಯಿಯಾಯಿತು, ಉಸಿರು ಸಿಕ್ಕಿಕೊಂಡಿತು, ಇವಳಿಗೆ ಇನ್ನೆಂದೂ ಕೊಡಬೇಡಿ ಎಂದು ಬರೆದುಕೊಟ್ಟರು. ಅವ್ವ ಎಷ್ಟು ಅತ್ತಿರಬೇಕು, ನಾನು ನೋಡಿದ್ದು ಅವಳ ನೀಲಿ ಬಿಲ್ಲೆಯನ್ನು ಮಾತ್ರ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಎದ್ದು ಹೋಗುತ್ತಿದ್ದರು. ಕೊನೆಗೆ ನನ್ನ ಕೈ ಹಿಡಿದವನು ಒಳ್ಳೆಯವನಾಗಿದ್ದ, ಆ ಮಾತು ಬೇರೆ. ವರ್ಷ ಕಳೆದಂತೆ ಗೆರೆಗಳು ಬಂದವು. ಆಶ್ಚರ್ಯಪಟ್ಟು ಪಟ್ಟು ಹಣೆಗೆ ಅಡ್ಡಗೆರೆ, ಲೆಕ್ಕ ತಪ್ಪಿದಾಗಲೆಲ್ಲ ಹುಬ್ಬು ಗಂಟಿಕ್ಕಿ ಅವುಗಳ ನಡುವೆ ಎರಡು ನೆಟ್ಟಗೆರೆ, ಕೆನ್ನೆಯ ಮೇಲಿನ ಸಣ್ಣ ಜಾಲ ಪೂರಾ ಬಿಸಿಲಿನದು. ಬಲಗಡೆ ಮಗ್ಗುಲಾಗಿ ಮಲಗುವ ಅಭ್ಯಾಸಕ್ಕೆ ಅಲ್ಲೊಂದು ಓರೆಗೆರೆ. ಕಣ್ಣಂಚಿನವು ಮಾತ್ರ ನಗುವಿನವು. ಅವು ನನಗೆ ಅನ್ನ ಕೊಟ್ಟವು.

ಯಾಕೆಂದರೆ ಅಷ್ಟರಲ್ಲಿ ಕೂಸುಗಳ ಸುದ್ದಿ ಹಬ್ಬತೊಡಗಿತ್ತು. ಎಳೆಗೂಸು ತಾನಾಗಿ ಒಮ್ಮೆ ನಗುತ್ತದೆ, ಎದುರಿನ ಮುಖವನ್ನು ಕಾಯುತ್ತದೆ. ಆ ಮುಖ ತಿರುಗಿ ನಗದಿದ್ದರೆ ಇನ್ನೊಮ್ಮೆ ನೋಡುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ತಾಯಿಯ ಬಿಲ್ಲೆ ಹಳದಿಯಾಗಿ ಹೊಳೆಯುತ್ತಿದ್ದರೂ ಕೂಸಿಗೆ ಅದು ಬರೀ ದೀಪ. ಹಾಗೆ ನಗು ಬಿಟ್ಟ ಮಕ್ಕಳು ಹಾಲಿಗೂ ತಿರುಗುತ್ತಿರಲಿಲ್ಲ, ಮಾತೂ ತಡ. ಆಗ ನನ್ನಂಥ ಒಲ್ಲದ ಚರ್ಮದವರನ್ನು ಹುಡುಕಿ ಕರೆಯಲು ಶುರುಮಾಡಿದರು. ಹೊಸಪೇಟೆಯಲ್ಲಿ ಒಬ್ಬಾಕೆ ಇದ್ದಳು, ಇಲ್ಲಿ ನಾನು. ಹೋದ ಮನೆಯಲ್ಲಿ ಮೊದಲು ಕಿಟಕಿ ತೆಗೆಸುತ್ತಿದ್ದೆ, ಮುಖದ ಮೇಲೆ ಬೆಳಕು ಬೀಳಬೇಕು. ಮಾತಾಡಬಾರದು, ಗಿಲಕಿ ಆಡಿಸಬಾರದು. ಮೊಳದಷ್ಟು ದೂರದಲ್ಲಿ ಮುಖ ಇಟ್ಟು ಸುಮ್ಮನೆ ನೋಡಬೇಕು, ನಿಧಾನಕ್ಕೆ ಕಣ್ಣಿನಿಂದ ನಗಬೇಕು, ಆಮೇಲೆ ಕೆನ್ನೆಯಿಂದ. ಕೂಸು ನನ್ನ ಸುಕ್ಕುಗಳನ್ನು ಒಂದೊಂದಾಗಿ ನೋಡುತ್ತಿತ್ತು. ಅದರ ತುಟಿ ಅದುರಿ, ಹಲ್ಲಿಲ್ಲದ ಬಾಯಿ ಅಗಲವಾದಾಗ ಅಟ್ಟಿಸಿಕೊಂಡು ಬಂದಿದ್ದ ನನ್ನ ಹುಡುಗತನದ ನಾಚಿಕೆಯೆಲ್ಲ ಮರೆತುಹೋಗುತ್ತಿತ್ತು. ಮೂರು ವರ್ಷಕ್ಕೆ ಆ ನಗು ನಿಲ್ಲುತ್ತದೆ ಎಂದು ಗೊತ್ತಿದ್ದೂ ಪ್ರತಿ ಸಲ ನನಗೆ ಹಬ್ಬವೇ ಆಗುತ್ತಿತ್ತು.

ಹೋದ ವರ್ಷ ಹೊಸಪೇಟೆಯಾಕೆ ತೀರಿಕೊಂಡಳು. ಈ ವರ್ಷ ಮೊದಲ ಬೇಸಿಗೆಯಲ್ಲಿ ನನಗೆ ಲಕ್ವ ಹೊಡೆಯಿತು. ಕೈಕಾಲು ಸರಿಮಾಡಿದರು, ಅದು ಈಗ ದೊಡ್ಡ ಮಾತಲ್ಲ. ಮುಖದ ಎಡಭಾಗ ಮಾತ್ರ ಹಾಗೇ ನಿಂತುಹೋಯಿತು. ಅದನ್ನೂ ಎಬ್ಬಿಸಿ ಎಂದು ಡಾಕ್ಟರಿಗೆ ಕೈಮುಗಿದೆ. ಪಾಪ, ಆ ಹುಡುಗನಿಗೆ ನಾನು ಏನು ಕೇಳುತ್ತಿದ್ದೇನೆ ಎಂದೇ ಅರ್ಥವಾಗಲಿಲ್ಲ. ಎಡಗಡೆ ಬಲಗಡೆಗಿಂತ ಎಷ್ಟೋ ವಾಸಿ, ಗೆರೆಗಳೆಲ್ಲ ಹೋಗಿವೆ, ಅದೃಷ್ಟ ಮಾಡಿದ್ದೀರಿ ಎಂದು ನನ್ನ ಬೆನ್ನು ತಟ್ಟಿದ. ಅವನ ಬಿಲ್ಲೆ ನಿಜವಾಗಿಯೂ ಹಳದಿಯಾಗಿತ್ತು.

ಆಗ ನನ್ನ ಮೊಮ್ಮಗಳು ಕಿನ್ನರಿ ತುಂಬಿದ ಬಸುರಿ. ತಾಯಿಯಿಲ್ಲದ ಹುಡುಗಿ, ನನ್ನ ಮಡಿಲಲ್ಲೇ ಬೆಳೆದವಳು. ಅವಳಿಗೆ ಹೆಣ್ಣುಕೂಸು ಹುಟ್ಟಿತು, ಹೊಂಗೆ ಎಂದು ಹೆಸರಿಟ್ಟರು. ಮರಗಳು ಹೋದಮೇಲೆ ಮಕ್ಕಳಿಗೆ ಮರದ ಹೆಸರಿಡುವುದು ನಮ್ಮಲ್ಲಿ ರೂಢಿ. ಊರಿನ ಎಷ್ಟೋ ಕೂಸುಗಳಿಗೆ ಇಡೀ ಮುಖ ಕೊಟ್ಟವಳು ನಾನು, ನನ್ನ ಮರಿಮಗಳಿಗೆ ಕೊಡಲು ಅರ್ಧ ಉಳಿದಿತ್ತು. ಬೇರೆ ಯಾರಾದರೂ ಸಿಗುತ್ತಾರಾ ಎಂದು ರಾಯಚೂರು, ಗದಗದವರೆಗೂ ಕೇಳಿಸಿದೆ. ಒಬ್ಬರೂ ಇರಲಿಲ್ಲ. ಕನ್ನಡಿಯ ಮುಂದೆ ಕೂತು ಎಡಗೆನ್ನೆಯನ್ನು ಬೆರಳಿನಿಂದ ಎತ್ತಿ ಹಿಡಿದು ನಕ್ಕು ನೋಡಿದೆ. ನನಗೇ ಭಯವಾಯಿತು, ಕೈಬಿಟ್ಟೆ.

ಹೊಂಗೆಗೆ ಮೂರನೆಯ ತಿಂಗಳು ಬಿತ್ತು. ಕಿಟಕಿ ತೆಗೆಸಿ, ತೊಟ್ಟಿಲ ಪಕ್ಕ ಕೂತೆ. ಎಡಗಡೆ ನೆರಳಿಗೆ ಬರುವಂತೆ ಸ್ವಲ್ಪ ತಿರುಗಿ ಕೂತೆ, ಇದ್ದ ಅರ್ಧವನ್ನೇ ಬೆಳಕಿಗೆ ಒಡ್ಡಿ ನಕ್ಕೆ. ಕೂಸು ನೋಡಿತು. ಎಂದಿಗಿಂತ ಹೆಚ್ಚು ಹೊತ್ತು ನೋಡಿತು. ನಗುವುದಿಲ್ಲ ಎಂದುಕೊಂಡೆ. ಆಮೇಲೆ ಅದರ ತುಟಿ ಅದುರಿತು. ನಕ್ಕಿತು. ಒಂದು ಕಡೆ ಮಾತ್ರ ನಕ್ಕಿತು. ಒಂದು ಕಣ್ಣು ಸಣ್ಣದಾಗಿ, ಒಂದು ಕೆನ್ನೆ ಉಬ್ಬಿ, ಇನ್ನೊಂದು ಕಡೆ ಅಲುಗದೆ ಹಾಗೇ ಇತ್ತು. ಮೈಯಲ್ಲಿ ಏನೂ ದೋಷವಿಲ್ಲ, ಅಳುವಾಗ ಎರಡೂ ಕಡೆ ಚೆನ್ನಾಗಿಯೇ ಅಳುತ್ತದೆ. ನಾನು ತೋರಿಸಿದ್ದನ್ನು ಅದು ಕಲಿತಿತ್ತು, ಅಷ್ಟೇ.

ಕಿನ್ನರಿ ಓಡಿಬಂದು ಬಗ್ಗಿ ನೋಡಿದಳು. ಅವಳ ಬಿಲ್ಲೆ ನಾನು ಎಂದೂ ಕಾಣದಷ್ಟು ಹಳದಿಯಾಯಿತು. ಕೂಸಿನ ಕೆನ್ನೆ ಮುಟ್ಟಿ ಕೇಳಿದಳು:

“ನಗು ಅಂದ್ರೆ ಹಿಂಗೇ ಇರ್ತೈತಲ್ಲಜ್ಜಿ?”

ನನ್ನ ಮಡಿಲಲ್ಲಿ ಬೆಳೆದ ಹುಡುಗಿ. ಅವಳಿಗೆ ನನ್ನ ಇಡೀ ನಗು ನೆನಪಿರಲಿಲ್ಲ. ಇಷ್ಟು ವರ್ಷ ಅವಳು ನೋಡಿದ್ದು ನನ್ನ ಕೊರಳನ್ನು. ನನ್ನ ಬಿಲ್ಲೆ ನೀಲಿಗೆ ತಿರುಗುತ್ತಿರುವುದು ಗೊತ್ತಾಗಿ ಅದರ ಮೇಲೆ ಸೆರಗು ಎಳೆದುಕೊಂಡೆ.

“ಹೂಂ ತಾಯಿ, ಹಿಂಗೇ ಇರ್ತೈತಿ,” ಎಂದೆ.

ಅಂದಿನಿಂದ ಮತ್ತೆ ಮೂರು ಮನೆಯವರು ಕರೆದರು. ಹೊಂಗೆ ಹೇಗೆ ನಗುತ್ತಾಳೆ ನೋಡಿ, ನಮ್ಮ ಕೂಸಿಗೂ ಹಾಗೇ ಕಲಿಸಿ ಎಂದರು. ಹೋಗದಿದ್ದರೆ ಆ ಕೂಸುಗಳು ಹಾಲು ಬಿಡುತ್ತವೆ, ಹೋದರೆ ಅರ್ಧ ನಗುತ್ತವೆ. ಹೋಗುತ್ತಿದ್ದೇನೆ. ಪ್ರತಿ ಮನೆಯಿಂದ ಬಂದು ಒಂದಷ್ಟು ಹೊತ್ತು ಅಳುತ್ತೇನೆ, ಅದೂ ಒಂದೇ ಕೆನ್ನೆಯಿಂದ. ನಾನು ಹೋದಮೇಲೆ ಈ ಅರ್ಧವೂ ಇರುವುದಿಲ್ಲ.

ನಿಮ್ಮನ್ನು ಎದ್ದು ಮನೆಗೆ ಹೋಗಿ ಎಂದು ಹೇಳಲು ನಾನು ಬರೆದಿಲ್ಲ. ನಿಮ್ಮ ಸರದಿ ಬಂದಾಗ ಒಳಗೆ ಹೋಗಿ, ನಿಮಗೆ ಯಾವುದು ಹಿತವೋ ಡಾಕ್ಟರನ್ನು ಕೇಳಿ ಮಾಡಿಸಿಕೊಳ್ಳಿ, ಚೆನ್ನಾಗಿ ಕಾಣಿ. ಕರಗದ ಮದ್ದು ಬಂದಿದೆ ಎಂದು ಯಾರಾದರೂ ಹೇಳಿದ ದಿನ ಮಾತ್ರ ಬೇಡ ಎನ್ನಿ. ಅದು ನನ್ನ ಒಂದು ಕೋರಿಕೆ. ಇನ್ನೊಂದು ಸಣ್ಣದು. ಇವತ್ತು ನಿಮ್ಮ ಹತ್ತಿರ ಯಾವುದಾದರೂ ಕೂಸು ಕಂಡರೆ, ಯಾರದ್ದಾದರೂ ಆಗಲಿ, ಬೆಳಕಿಗೆ ತಿರುಗಿ ಅದರ ಮುಂದೆ ನಿಲ್ಲಿ. ಅದು ನಿಮ್ಮನ್ನು ಪೂರ್ತಿ ನೋಡುವವರೆಗೆ ಅವಸರ ಮಾಡಬೇಡಿ. ಆಮೇಲೆ ಎರಡೂ ಕೆನ್ನೆಯಿಂದ ನಗಿ. ನನ್ನ ಹೊಂಗೆಗೆ ಅದನ್ನು ತೋರಿಸುವುದು ನನ್ನ ಕೈಲಿ ಆಗಲಿಲ್ಲ.

ಹಂಪಮ್ಮ