ಅಡುಗೆಮನೆಗೆ ಯಾವ ರೇಡಿಯೊ

ರೀ,

ನಾನು ಡ್ಯೂಟಿಗೆ ಹೊರಟೆ. ಹಾಕಿ ನೋಡಲೆಂದು ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟ ಎರಡು ರೇಡಿಯೊಗಳಲ್ಲಿ ಒಂದನ್ನು ಇವತ್ತೇ ದ್ವಾರಕಾ ನಗರದ ಅಂಗಡಿಗೆ ವಾಪಸ್ ಕೊಡಬೇಕು. ನಾಳೆಯಾದರೆ ಅವರು ತೆಗೆದುಕೊಳ್ಳುವುದಿಲ್ಲ. ಹದಿನೈದು ದಿನ ನೀವು ಮೊಬೈಲಿನಲ್ಲಿ ರಿವ್ಯೂ ಓದಿದ್ದು ಸಾಕು.

ಡಿಜಿಟಲ್ ಸೆಟ್ಟು ಇಲ್ಲಿಯ ತೆಲುಗು ನಿಲಯಗಳನ್ನು ಚೆನ್ನಾಗಿ ಹಿಡಿಯುತ್ತದೆ. ಇಂಟರ್‌ನೆಟ್ ಸೆಟ್ಟಿನಲ್ಲಿ ಧಾರವಾಡ ಬರುತ್ತದೆ. ತಾಪತ್ರಯ ಇರುವುದೇ ಅಲ್ಲಿ. ನಿನ್ನೆ ಹವಾಮಾನ ಕೇಳಿದ್ದೇ ತಡ, ನಿಮ್ಮ ಅವ್ವ ರಣಬಿಸಿಲಿನಲ್ಲಿ ಟೆರೇಸಿಗೆ ಓಡಿ, ಒಣಹಾಕಿದ್ದ ಮೆಣಸಿನಕಾಯಿ, ಬಟ್ಟೆ ಎಲ್ಲ ಒಳಗೆ ತಂದರು.

"ಅತ್ತೀ, ಮಳಿ ಧಾರವಾಡದಾಗರೀ, ವೈಜಾಗ್‌ನಾಗ ಅಲ್ಲ" ಅಂದೆ.

"ಧಾರವಾಡ ರೇಡಿಯೊ ಎಂದೂ ಸುಳ್ಳ ಹೇಳಿಲ್ಲವ್ವಾ" ಅಂದರು.

ಮೊನ್ನೆ ಇಲ್ಲಿ ಧೋ ಎಂದು ಸುರಿದಾಗ, ಧಾರವಾಡದಲ್ಲಿ ಒಣಹವೆಯೆಂದು ನಿಮ್ಮ ಫ್ಯಾಕ್ಟರಿ ಯೂನಿಫಾರ್ಮನ್ನು ಹೊರಗೇ ಬಿಟ್ಟಿದ್ದರು. ನೀವು ಒದ್ದೆ ಪ್ಯಾಂಟಿನಲ್ಲಿ ಅಚ್ಯುತಾಪುರಂ ಬಸ್ ಹತ್ತಿದ್ದು ಅದಕ್ಕೇ.

ಆದರೆ ಒಂದು ಮಾತು. ಆ ರೇಡಿಯೊ ಬಂದ ಮೇಲೆ ಅವರು "ನನ್ನ ಊರಿಗೆ ಯಾವಾಗ ಕಳಸ್ತೀರಿ" ಅಂತ ಒಮ್ಮೆಯೂ ಕೇಳಿಲ್ಲ.

ಡಿಜಿಟಲ್ ಸೆಟ್ಟನ್ನು ವಾಪಸ್ ಕೊಡಿ. ಬಿಲ್ಲು ಡಬ್ಬದೊಳಗೇ ಇದೆ.

ಹೊರಗೆ ಉರಿಬಿಸಿಲಿದೆ, ಆದರೂ ಬಾಗಿಲ ಹಿಂದಿನ ಛತ್ರಿ ಹಿಡಿದುಕೊಂಡೇ ಹೋಗಿ. ಧಾರವಾಡದಲ್ಲಿ ಇವತ್ತೂ ಮಳೆಯಂತೆ. ನಿಮ್ಮ ಅವ್ವ ನನ್ನ ಕೈಗೂ ಒಂದು ಕೊಟ್ಟಿದ್ದಾರೆ.

ವನಮಾಲಾ