ಒಂದು ಸಂಜೆಯಲ್ಲಿ ಮುಗಿಯುವ ಕಥೆ

ಗೇವ್ಲೆ
ಅಕ್ಟೋಬರ್ ೨೪, ಗುರುವಾರ ಮಧ್ಯಾಹ್ನ

ಪ್ರಿಯ ಉಲ್ರಿಕಾ,

"ಪ್ರಿಯ" ಎಂದು ಬರೆದು ಹೊಡೆದುಹಾಕಿದೆ, ಆಮೇಲೆ ಹೊಸ ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದೆ. ಅಷ್ಟು ವರ್ಷ ಜೊತೆಗೆ ಬಾಳಿದವಳನ್ನು ಇನ್ನೇನೆಂದು ಕರೆಯಲಿ? ಫೋನಿನಲ್ಲಿ ಬರೆದರೆ ಮೂರನೇ ಸಾಲಿಗೇ ಇಬ್ಬರಿಗೂ ಸಿಟ್ಟು ನೆತ್ತಿಗೇರುತ್ತದೆ. ಮುಖ್ಯವಾದದ್ದಿದ್ದರೆ ಕಾಗದದಲ್ಲಿ ಬರೆಯಿರಿ ಎಂದು, ನಾವು ಬೇರೆಯಾಗುವಾಗ ಕಂಡ ಆ ಕುಟುಂಬ ಸಲಹೆಗಾರ್ತಿ ನಮಗೆ ಹೇಳಿದ್ದು ಅದಕ್ಕೇ ತಾನೇ. ನಮ್ಮ ಸಿಗ್ನೆ ಈಜು ಕಲಿಯಲು ಹೋಗಿದ್ದಾಳೆ. ಅವಳು ಬರುವುದರೊಳಗೆ ಇದು ಮುಗಿಯಬೇಕು. ಅಕ್ಷರ ಕೋಳಿ ಕಾಲಿನಂತಿದ್ದರೆ ಬೈಯಬೇಡ.

ಶಾಲೆಯ ಶರತ್ಕಾಲದ ರಜೆ ಮುಗಿಯುತ್ತಿದ್ದಂತೆ ನಮ್ಮ ಮಗಳು ಬಾಯಿ ಬಿಡಬೇಕು. ಒಂದು ವಾರ ನಿನ್ನ ಮನೆ, ಒಂದು ವಾರ ನನ್ನ ಮನೆ ಎಂದು ಚೀಲ ಹೊತ್ತು ಓಡಾಡುವುದೋ, ಇಲ್ಲ ಒಂದೇ ಕಡೆ ನಿಲ್ಲುವುದೋ. ಹನ್ನೆರಡು ತುಂಬಿತು, ಅವಳ ಮಾತಿಗೆ ಈಗ ಬೆಲೆಯಿದೆ. ಆ ಒಂದು ಕಡೆ ಯಾವುದಾದೀತು ಎಂದು ತಿಳಿಯಲು ನನಗೆ ಜ್ಯೋತಿಷಿ ಬೇಕಿಲ್ಲ. ಶಾಲೆ ನಿನ್ನ ಮನೆಗೆ ಹತ್ತಿರ, ಅವಳ ಗೆಳತಿಯರೆಲ್ಲ ಅಲ್ಲೇ, ಬೆಕ್ಕೂ ಅಲ್ಲೇ. ನನ್ನ ಮನೆಯಲ್ಲಿ ಇರುವವನು ನಾನೊಬ್ಬ. ಹೋದ ಶುಕ್ರವಾರ ಬಂದವಳು ಷೂ ಬಿಚ್ಚುತ್ತಾ, ನಿನ್ನ ಮನೆಯಲ್ಲಿ ಏನೂ ನಡೆಯಲ್ಲ ಅಪ್ಪ, ಅಂದಳು. ಕೋಪದಿಂದಲ್ಲ, ಹೊರಗೆ ಮೋಡ ಕವಿದಿದೆ ಅನ್ನುವ ಹಾಗೆ ಅಂದಳು.

ಶನಿವಾರ ಅಂಗಡಿ ತೆರೆಯುವ ಹೊತ್ತಿಗೆ ವಿಡಾರ್‌ನ ಬಾಗಿಲಲ್ಲಿ ನಿಂತಿದ್ದೆ. ವಿಡಾರ್ ನೆನಪಿದ್ದಾನಲ್ಲ? ನಮ್ಮ ಕಾಲದಲ್ಲಿ ನಿನ್ನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾ ಕಥೆ ಆಡುವಾಗ, ಪ್ರತಿ ಕಥೆಯಲ್ಲೂ ಮೊದಲು ಸಾಯುತ್ತಿದ್ದ ಮಂತ್ರವಾದಿ. ಈಗ ಅದೇ ಆಟದ ಪುಸ್ತಕ, ದಾಳ ಮಾರುತ್ತಾನೆ, ಹೊಟ್ಟೆ ಬಂದಿದೆ. ಮನೆಯಲ್ಲಿ ಒಂದು ಗುಂಪು ಕಟ್ಟಬೇಕು ಅಂದೆ. ಯಾರು ಯಾರು ಎಂದು ಕೇಳಿದ. ಸಿಗ್ನೆ, ನಮ್ಮಮ್ಮ, ಕೆಳಗಿನ ಮನೆಯ ಬಸ್ ಚಾಲಕ ಇಸ್ಮೊ. ಯಾರೂ ಹಿಂದೆ ಆಡಿದವರಲ್ಲ. ಇನ್ನು ನಾನು? ನೀನು ಕಥೆ ನಡೆಸುತ್ತಿದ್ದೆ, ನಾನು ಕೊಡಲಿ ಬೀಸುತ್ತಿದ್ದೆ, ಅದು ಬಿಟ್ಟು ಬೇರೇನೂ ಬರುವುದಿಲ್ಲ. ಸ್ವಂತ ಕಥೆ ಹೊಸೆಯುವುದು ನನ್ನ ಕೈಲಾಗದ ಕೆಲಸ ಎಂದು ನಿನಗೆ ಗೊತ್ತು. ಹಾಗಾಗಿ ಬರೆದಿಟ್ಟ ಸಾಹಸ ಕೊಡು ಅಂದೆ, ಓದಿಕೊಂಡು ಆಡಿಸುತ್ತೇನೆ ಅಂದೆ.

ಅವನು ಮೂರನ್ನು ತೆಗೆದಿಟ್ಟ. ಮೊದಲನೆಯದು ಇಟ್ಟಿಗೆಯಷ್ಟು ದಪ್ಪ: ಡ್ರ್ಯಾಗನ್ ಸಾಕಿದ ರಾಣಿ, ಏಳು ರಾಜ್ಯ, ಭಾನುವಾರಕ್ಕೊಮ್ಮೆ ಆಡಿದರೂ ಎರಡು ವರ್ಷ ಹಿಡಿಯುತ್ತದೆ. ಎರಡನೆಯದು ಒಂದು ಪೇಟೆಯಲ್ಲಿ ನಡೆದ ಕೊಲೆ. ಅನುಮಾನಕ್ಕೆ ಬೀದಿ ತುಂಬ ಜನ, ಒಬ್ಬೊಬ್ಬರದೂ ಒಂದೊಂದು ಗುಟ್ಟು, ಎಲ್ಲ ಆಡಿಸುವವನ ತಲೆಯಲ್ಲಿರಬೇಕು. ಹೊಸಬರಿಗೆ ಇದನ್ನು ಕೊಟ್ಟರೆ ಹೆಂಡದಂಗಡಿಯವನನ್ನೇ ಸಂಜೆಯಿಡೀ ವಿಚಾರಣೆ ಮಾಡುತ್ತಾ ಕೂರುತ್ತಾರೆ ಎಂದು ವಿಡಾರ್ ನಕ್ಕ. ಮೂರನೆಯದು ತೆಳ್ಳನೆಯ ಪುಸ್ತಿಕೆ. ದೀಪಸ್ತಂಭದ ದೀಪ ಆರಿದೆ, ಹಡಗು ಬರುತ್ತಿದೆ, ಬಂಡೆಗೆ ಬಡಿಯುವ ಮೊದಲು ಯಾರಾದರೂ ಹತ್ತಿ ದೀಪ ಹಚ್ಚಬೇಕು. ಪಾತ್ರಗಳೂ ಸಿದ್ಧ, ಕಾರ್ಡು ಹಂಚಿದರೆ ಆಯಿತು. ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಇದನ್ನೇ ಒಯ್ಯಿ ಅಂದ. ಏನು ಮಾಡಬೇಕು ಅನ್ನುವುದು ಮೊದಲ ಗಳಿಗೆಯಲ್ಲೇ ಗೊತ್ತಾಗಬೇಕು, ದಾಳ ಕೈಕೊಟ್ಟರೂ ಮುಂದೆ ಹೋಗಲು ಇನ್ನೊಂದು ದಾರಿ ಇರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಮುಗಿಯಬೇಕು, ಮುಗಿದ ಕಥೆಯ ರುಚಿ ಹತ್ತಿದರೆ ಅವರೇ ಮತ್ತೆ ಬರುತ್ತಾರೆ ಎಂದೆಲ್ಲ ಹೇಳಿದ. ನಾನು ತಲೆಯಾಡಿಸಿದೆ, ಆದರೆ ಕೊಂಡದ್ದು ದಪ್ಪ ಪುಸ್ತಕವನ್ನೇ. ಯಾಕೆ ಎಂದು ನಿನಗೆ ಹೇಳಬೇಕೇ? ಎರಡು ವರ್ಷ ಉಲ್ರಿಕಾ! ಅರ್ಧ ಕಥೆಯಲ್ಲಿ ಎದ್ದು ಹೋಗಲು ಯಾವ ಮಗುವಿಗೆ ಮನಸ್ಸು ಬರುತ್ತದೆ ಎಂದುಕೊಂಡೆ. ವಿಡಾರ್ ನನ್ನ ಮುಖ ನೋಡಿದ, ತೆಳ್ಳನೆಯದನ್ನು ಸುಮ್ಮನೆ ಅದರೊಳಗೆ ಸೇರಿಸಿ ಕೊಟ್ಟ.

ಭಾನುವಾರದ ಪಾಡು ಕೇಳಬೇಡ. ರಾಣಿಯ ಅಜ್ಜ, ಮುತ್ತಜ್ಜ, ಯಾವ ರಾಜ್ಯಕ್ಕೆ ಯಾವ ರಾಜ್ಯದ ಮೇಲೆ ಹಗೆ, ಎಲ್ಲ ಗಟ್ಟಿಯಾಗಿ ಓದಿದೆ. ಓದಿದಷ್ಟೂ ಪುಟ ಉಳಿಯುತ್ತಿತ್ತು. ದಾಲ್ಚಿನ್ನಿ ಬನ್ನು ಖಾಲಿಯಾಯಿತು, ನಮ್ಮಮ್ಮ ಕುರ್ಚಿಯಲ್ಲೇ ನಿದ್ದೆಹೋದರು, ಸಿಗ್ನೆ ಶನಿವಾರ ಕೊಡಿಸಿದ ಮಿಠಾಯಿಯಲ್ಲಿ ಉಳಿದದ್ದನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸುತ್ತಾ ಕೂತಳು. ಇಸ್ಮೊ ಮಾತ್ರ ಕೊನೆಯವರೆಗೂ ಕೇಳಿದ. ಅವನು ಯಾವುದನ್ನಾದರೂ ಕೊನೆಯವರೆಗೂ ಕೇಳುತ್ತಾನೆ, ಅವನ ಸ್ವಭಾವವೇ ಹಾಗೆ. ಹೊರಡುವಾಗ ನಮ್ಮಮ್ಮ ಕೋಟು ಹಾಕಿಕೊಳ್ಳುತ್ತಾ, ಯುದ್ಧ ಶುರುವಾದ ದಿನ ಫೋನ್ ಮಾಡು ಮಗಾ, ಅಲ್ಲೀವರೆಗೆ ನಾನು ಮನೇಲೇ ಮಲಗ್ತೀನಿ, ಅಂದರು.

ಆ ರಾತ್ರಿಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸೋಮವಾರ ಗೋದಾಮಿನಲ್ಲಿ ತಪ್ಪು ಲಾರಿಗೆ ತಪ್ಪು ಸಾಮಾನು ಹತ್ತಿಸಿ ಬೈಸಿಕೊಂಡೆ. ಮಂಗಳವಾರ ದೀಪಸ್ತಂಭದ ಪುಸ್ತಿಕೆಯನ್ನು ಊಟದ ಬಿಡುವಿನಲ್ಲಿ ಓದಿದೆ. ಬುಧವಾರ, ಅಂದರೆ ನಿನ್ನೆ, ಬೇಗ ಮನೆಗೆ ಬಂದು ಎಲ್ಲರನ್ನೂ ಮತ್ತೆ ಕರೆದೆ. ನಮ್ಮಮ್ಮನಿಗೆ, ಇವತ್ತೇ ಶುರು ಇವತ್ತೇ ಕೊನೆ ಎಂದು ಆಣೆ ಮಾಡಬೇಕಾಯಿತು.

ಆಹಾ, ನೀನು ನೋಡಬೇಕಿತ್ತು. ನಮ್ಮಮ್ಮ ಕೊಡಲಿ ಹಿಡಿದ ಕುಬ್ಜ. ಮೊದಲ ಮೆಟ್ಟಿಲಲ್ಲಿ ಸಿಕ್ಕ ರಾಕ್ಷಸನಿಗೆ, ಊಟ ಆಯ್ತಾ ಎಂದು ಕೇಳಿದರು. ಪುಸ್ತಿಕೆಯಲ್ಲಿ ಅದಕ್ಕೆ ಉತ್ತರವಿಲ್ಲ! ಆಗಿಲ್ಲ ಎಂದು ನಾನೇ ಹೇಳಿದೆ. ಅವರು ತಮ್ಮ ಬುತ್ತಿಯ ಹೆರಿಂಗ್ ಮೀನು ಕೊಟ್ಟು ಅವನನ್ನು ದಾಟಿ ಹೋದರು. ಬಾಯಿ ಬಿಡದ ಇಸ್ಮೊ ಗಾಯಕನ ಕಾರ್ಡನ್ನೇ ಎತ್ತಿಕೊಂಡಿದ್ದ. ಹಾಡಿದರೆ ಬೀಗ ತೆರೆಯುತ್ತದೆ ಎಂದು ಬರೆದಿತ್ತು, ಅವನು ಕಿವಿ ಕೆಂಪಗೆ ಮಾಡಿಕೊಂಡು ಫಿನ್ನಿಶ್ ಹಾಡೊಂದನ್ನು ನಿಜವಾಗಿ ಹಾಡಿಬಿಟ್ಟ. ಸಿಗ್ನೆ ಕಳ್ಳಿಯಾಗಿದ್ದಳು, ಕಾಗೆ ಎಂದು ಹೆಸರಿಟ್ಟುಕೊಂಡಿದ್ದಳು. ಕುರ್ಚಿಯ ಮೇಲೆ ಮಂಡಿಯೂರಿ ಕೂತು, ತಾನೇ ಮುಂದೆ, ತಾನೇ ಮೇಲೆ. ನನ್ನ ಮನೆಯಲ್ಲಿ ಅಷ್ಟು ಜೋರಾಗಿ ಅವಳು ನಕ್ಕಿದ್ದು ನನಗೆ ನೆನಪಿಲ್ಲ.

ಕೊನೆಯ ತಿರುವಿನಲ್ಲಿ ಕಡಲ ಹಾವು ಕಾದಿತ್ತು. ಕಾಗೆಗೆ ಆಗಲೇ ಪೆಟ್ಟಾಗಿತ್ತು, ಇನ್ನೊಂದು ಬಿದ್ದರೆ ಅವಳ ಆಟ ಮುಗಿಯಿತು. ಆಡಿಸುವವನ ಇಪ್ಪತ್ತು ಮುಖದ ದಾಳ ಯಾರಿಗೂ ಕಾಣದ ಹಾಗೆ ರಟ್ಟಿನ ಪರದೆ ನಿಲ್ಲಿಸಿಕೊಂಡಿದ್ದೆನಲ್ಲ, ಅದರ ಹಿಂದೆ ಉರುಳಿಸಿದೆ. ದೊಡ್ಡ ಅಂಕಿ ಬಿತ್ತು, ಅಂದರೆ ಹಾವಿನ ಪೆಟ್ಟು ತಾಗಿತು. ಗುರಿ ತಪ್ಪಿತು ಅಂದೆ. ಮತ್ತೆ ಉರುಳಿಸಿದೆ, ಮತ್ತೆ ದೊಡ್ಡದೇ. ಈ ಸಲವೂ ತಪ್ಪಿತು ಅಂದೆ. ಸತ್ತವಳು ಮೇಜು ಬಿಟ್ಟು ಏಳುತ್ತಾಳೆ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದು ನನಗೆ ಭಯ. ಮೂರನೇ ಸಲ ಸಿಗ್ನೆ ಮೇಜಿನ ಮೇಲೆ ಬಾಗಿ ಪರದೆಯಾಚೆ ಇಣುಕಿದಳು.

"ಹತ್ತೊಂಬತ್ತು ಬಿದ್ದಿದೆ ಅಪ್ಪ," ಅಂದಳು.

ಇಸ್ಮೊ ತನ್ನ ಕಪ್ಪಿನೊಳಗೆ ನೋಡುತ್ತಾ ಕೂತ. ಕೊನೆಗೆ ನಮ್ಮಮ್ಮ, ಬಿದ್ದರೆ ಹೊತ್ತುಕೊಳ್ಳೋಕೆ ನಾನಿದ್ದೀನಲ್ಲೋ ಪೆದ್ದ, ಅಂದರು. ಸಿಗ್ನೆ ಪರದೆಯನ್ನು ಮಡಚಿ ನೆಲದ ಮೇಲಿಟ್ಟಳು, ಈಗ ಹಾಕು ಅಂದಳು. ಎಲ್ಲರ ಕಣ್ಣೆದುರಿಗೆ ಹಾಕಿದೆ. ಕಾಗೆ ಬಿದ್ದಳು. ನಮ್ಮಮ್ಮನ ಕುಬ್ಜ ಅವಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ಉಸಿರು ಹೋಗುವ ಮೊದಲು ದೀಪ ಹಚ್ಚಿದ್ದು ಕಾಗೆಯೇ. ಹಡಗು ಉಳಿಯಿತು. ನಮ್ಮಮ್ಮ ಕಣ್ಣೊರೆಸಿಕೊಂಡರು, ಸಿಗ್ನೆಯೂ ಅತ್ತಳು, ಅಳುತ್ತಲೇ ನಗುತ್ತಾ, ಎಷ್ಟು ಚೆನ್ನಾಗಿ ಸತ್ತೆ ಅಲ್ವಾ ಅಜ್ಜಿ, ಅಂದಳು. ಅವಳು ಎದ್ದು ಹೋಗಲಿಲ್ಲ ಉಲ್ರಿಕಾ. ಅಷ್ಟು ಹೆದರಿದ್ದೆನಲ್ಲ, ಏನೂ ಆಗಲಿಲ್ಲ.

ನಮ್ಮಮ್ಮ, ಇಸ್ಮೊ ಇಬ್ಬರೂ ಹೋದ ಮೇಲೆ ನಾನು ತಟ್ಟೆ ತೊಳೆದೆ, ಸಿಗ್ನೆ ಒರೆಸಿದಳು. ಒರೆಸುತ್ತಾ ಹೇಳಿದಳು, "ನೀನು ಆ ವಿಷ್ಯದಲ್ಲೂ ಹೀಗೇ ಮಾಡ್ತೀಯ."

ಯಾವ ವಿಷಯದಲ್ಲಿ ಎಂದು ಕೇಳಿದೆ, ಗೊತ್ತಿದ್ದೂ ಕೇಳಿದೆ.

"ಎಲ್ಲಿರ್ಬೇಕು ಅಂತ ಕೇಳಿದ್ರೆ ನಿನ್ನಿಷ್ಟ ಅಂತೀಯ. ಅಮ್ಮನೂ ನಿನ್ನಿಷ್ಟ ಅಂತಾಳೆ. ಒಬ್ರಾದ್ರೂ ನೀನು ಬೇಕು ಅನ್ನಲ್ಲ. ನಾನು ಇಲ್ಲದಿದ್ರೆ ಇಬ್ಬರಿಗೂ ಆರಾಮೇನೋ."

ತಟ್ಟೆ ಕೈಯಿಂದ ಜಾರಿತು, ಪುಣ್ಯಕ್ಕೆ ನೀರಿಗೇ ಬಿತ್ತು. ಒತ್ತಾಯ ಮಾಡಬಾರದು, ಮಗುವಿನ ಮೇಲೆ ಭಾರ ಹೊರಿಸಬಾರದು ಎಂದು ನಾವಿಬ್ಬರೂ ಆ ಸಲಹೆಗಾರ್ತಿಯ ಎದುರು ಮಾತು ಕೊಟ್ಟಿದ್ದೆವು. ಎಷ್ಟು ನಿಷ್ಠೆಯಿಂದ ನಡೆದುಕೊಂಡೆವು! ಬೇರೆ ಯಾವ ವಿಷಯದಲ್ಲೂ ಒಂದಾಗದ ನಾವು ಇದೊಂದರಲ್ಲಿ ಒಂದಾದೆವು, ಅದು ಅವಳಿಗೆ ಹೀಗೆ ಕೇಳಿಸಿದೆ.

ನಾನು ಮಾತು ಮುರಿದೆ. ಸಿಟ್ಟು ಮಾಡಿಕೊಳ್ಳುವುದಾದರೆ ಮಾಡಿಕೋ. "ನೀನು ಇಲ್ಲೇ ಇರ್ಬೇಕು ಅಂತ ನನಗಾಸೆ," ಅಂದೆ. "ನೀನು ಅಮ್ಮನ ಮನೆಗೆ ಹೋಗೋ ಶುಕ್ರವಾರ ನನಗೆ ಮನೆಗೆ ಬರೋಕೇ ಮನಸ್ಸಾಗಲ್ಲ. ಆದ್ರೂ ನೀನು ಹೋಗ್ತೀನಿ ಅಂದ್ರೆ ಹೋಗು. ಅಳ್ತೀನಿ, ಸಾಯಲ್ಲ."

ಅವಳು ಬಹಳ ಹೊತ್ತು ಅದೇ ಲೋಟವನ್ನು ಒರೆಸಿದಳು. ಆಮೇಲೆ ಒದ್ದೆ ಬಟ್ಟೆಯ ಸಮೇತ ಬಂದು ನನ್ನ ಸೊಂಟ ತಬ್ಬಿಕೊಂಡಳು. ಏನೇನೋ ಮಾತಾಡಿದೆವು. ಅದೆಲ್ಲ ಇರಲಿ.

ಬರೆದದ್ದು ಇದಕ್ಕೆ: ನೀನೂ ಹೇಳು. ನಿನಗೆ ಅವಳು ಬೇಕು ಎಂದು ನನಗೆ ಗೊತ್ತು, ಅದಕ್ಕಾಗಿ ನನ್ನ ಜೊತೆ ಎಷ್ಟು ಜಗಳವಾಡಿದ್ದೀಯ. ನನಗೆ ಗೊತ್ತಿದ್ದು ಏನು ಬಂತು, ಅವಳಿಗೆ ಗೊತ್ತಿಲ್ಲ. ಸಲಹೆಗಾರ್ತಿ ಬೈದರೆ ನನ್ನ ಹೆಸರು ಹೇಳು. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಇದನ್ನು ನಿನ್ನ ಬಾಗಿಲ ಕಿಂಡಿಯಲ್ಲಿ ಹಾಕುತ್ತೇನೆ, ಅವಳು ಶಾಲೆ ಮುಗಿಸಿ ಬರುವ ಮೊದಲೇ ಓದು. ಕೆಳಗೆ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದಾಯಿತು. ಅವಳೇ ಇರಬೇಕು.

ಇಂತು,
ಹೆನ್ನಿಂಗ್

ವಿ.ಸೂ. ಅವಳಲ್ಲ, ಇಸ್ಮೊ. ಹಾಗಾಗಿ ಇನ್ನೂ ಸ್ವಲ್ಪ ಹೊತ್ತಿದೆ, ಇಷ್ಟು ಹೊತ್ತು ಬರೆಯಲು ಕೈ ಬಾರದ್ದನ್ನು ಬರೆಯುತ್ತೇನೆ. ಸಿಗ್ನೆ ತೀರ್ಮಾನ ಮಾಡಿಯಾಗಿದೆ. ನಾನು ಹೇಳಿದ್ದೆಲ್ಲ ಕೇಳಿ, ನನ್ನನ್ನು ತಬ್ಬಿಕೊಂಡೇ ಹೇಳಿದಳು: ಇನ್ನು ಮುಂದೆ ಅಮ್ಮನ ಮನೆಯಲ್ಲೇ, ನಿನ್ನ ಹತ್ತಿರವೇ ಇರುತ್ತಾಳಂತೆ. ನಾಳೆ ಸಂಜೆ ಊಟಕ್ಕೆ ಟ್ಯಾಕೊ ತಿನ್ನುವಾಗ ನಿನಗೆ ಹೇಳುತ್ತಾಳೆ. ಅವಳು ಬಾಯಿ ತೆರೆಯುವ ಮೊದಲೇ ಅವಳಿಗೆ, ನೀನು ನನಗೆ ಬೇಕು, ಅಂದುಬಿಡು, ಉಲ್ರಿಕಾ. ಅವಳು ಹೇಳಿದ ಮೇಲೆ ಅಂದರೆ ಬರೀ ಹೂಂ ಅಂದ ಹಾಗಾಗುತ್ತದೆ.