ಕುಂಕುಮ ಹಚ್ಚಿದ ಪಂಚರ್ ಲಿಕ್ವಿಡ್

ಪಂಪಾಪತಿ,

ಎದ್ದಿ ಏನಪಾ, ಸಾಹೇಬಾ? ಟ್ಯೂಬಿನ್ಯಾಗ ಹಾಕಿದ್ರ ತೂತು ತಾನೇ ಮುಚ್ಚತೈತಿ ಅಂತ ನೀ ತಂದ ಪಂಚರ್ ಲಿಕ್ವಿಡ್ ಇನ್ನೂ ದೇವರ ಜಗಲಿ ಮ್ಯಾಲೇ ಐತಿ. ಬಾಟ್ಲಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, "ಅಮಾಸಿಗೆ ಸೈಕಲ್ ಪೂಜಿ ಮಾಡೇ ಹಾಕೋಣಕ್ಕಾ" ಅಂದಿ. ಜಾಲಿಮುಳ್ಳಿಗೆ ನಿನ್ನ ಅಮಾಸಿ ಗೊತ್ತಾಗತೈತೇನು? ನಿನ್ನೆ ಕಿನ್ನಾಳ ದಾರಿಯಿಂದ ಮನೀತನಕ ಸೈಕಲ್ ನೂಕ್ಕೊಂಡು ಬಂದೀನಿ.

ರೊಟ್ಟಿ ಡಬ್ಬ್ಯಾಗ ಅದಾವು. ಪಲ್ಯ ಬಿಸಿ ಮಾಡ್ಕೊ, ಅದಕ್ಕೂ ಮುಹೂರ್ತ ನೋಡಬ್ಯಾಡ.

ಇವತ್ತು ಅಂಗನವಾಡಿಗೆ ಮೇಡಂ ತಪಾಸಣಿಗೆ ಬರ್ತಾರ, ತಡ ಆದ್ರ ನಡಿಯೂದಿಲ್ಲ. ಅದಕ್ಕ ನಿನ್ನ ಮೋಟಾರ್‌ಸೈಕಲ್ ನಾ ಒಯ್ದೀನಿ. ನೀ ಕೆಲಸಕ್ಕ ನನ್ನ ಸೈಕಲ್ ಮ್ಯಾಲ ಹೋಗು. ಗಾಳಿ ಇಲ್ಲ, ಲಿಕ್ವಿಡ್ ಐತಿ.

ಗಾಡಿ ಚಾವಿ ಅಮಾಸಿಗೆ ಕೊಡ್ತೀನಿ.

ಶೈಲಕ್ಕ